ಪ್ರೊಜೆಕ್ಟರ್ ಚಿತ್ರ ಕೆಟ್ಟಿದೆಯೇ? ಹೊಸ ಲ್ಯಾಂಪ್ ತರಿಸುವ ಮೊದಲು ಇಷ್ಟು ನೋಡಿ

ಚಿತ್ರ ಸ್ವಲ್ಪ ಮಂಕಾದರೆ ಸಾಕು, ಲ್ಯಾಂಪ್ ಹೋಯ್ತು ಎಂದು ತೀರ್ಮಾನಿಸುವವರೇ ಜಾಸ್ತಿ. ಸಾವಿರಾರು ರೂಪಾಯಿ ಕೊಟ್ಟು ಹೊಸ ಲ್ಯಾಂಪ್ ಹಾಕಿಸುತ್ತಾರೆ. ಚಿತ್ರ ಮಾತ್ರ ಹಾಗೆಯೇ ಇರುತ್ತದೆ. ಆಮೇಲೆ ಟಾರ್ಚ್ ಬಿಟ್ಟು ನೋಡಿದರೆ ಲೆನ್ಸಿನ ಒಳಗೆ ಬೂಷ್ಟು. ಇಲ್ಲವೇ ಯಾರೋ ಯಾವಾಗಲೋ ಬೆಳಕು ಇಳಿಸುವ ಇಕೋ ಮೋಡ್ ಒತ್ತಿದ್ದು ಹಾಗೆಯೇ ಉಳಿದಿರುತ್ತದೆ. ಶಾಲೆಯದ್ದೋ ಭಜನಾ ಮಂದಿರದ್ದೋ ದುಡ್ಡು ಹೀಗೆ ಸುಮ್ನೆ ಹೋಗುವುದನ್ನು ನೋಡಿದರೆ ಬೇಜಾರಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಂಗಳೂರು, ಉಡುಪಿ ಕಡೆ ಪ್ರೊಜೆಕ್ಟರ್ ಕೆಡುವ ರೀತಿಯೇ ಸ್ವಲ್ಪ ಬೇರೆ. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಬೀಳುವ ಊರು ನಮ್ಮದು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಬಿಡುತ್ತದೆ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ಹೆಚ್ಚಿನ ಸಭಾಭವನಗಳ ಪ್ರೊಜೆಕ್ಟರ್ ಕೂಡ ಕಪಾಟು ಸೇರುತ್ತದೆ. ಮತ್ತೆ ಹೊರಗೆ ಬರುವುದು ಅಷ್ಟಮಿಗೋ ಚೌತಿಗೋ. ನಡುವಿನ ತಿಂಗಳುಗಳೆಲ್ಲ ಬ್ಯಾಗಿನೊಳಗೆ ಜಿಪ್ ಹಾಕಿಸಿಕೊಂಡು ತೇವದಲ್ಲೇ ಕೂತಿರುತ್ತದೆ. ನಮ್ಮಲ್ಲಿ ಕಾಣುವ ಚಿತ್ರದ ದೋಷಗಳಲ್ಲಿ ಎಷ್ಟೋ ಅಲ್ಲಿಂದಲೇ ಶುರುವಾಗುತ್ತವೆ.

ಕೈ ಹಾಕುವ ಮೊದಲು

ಉರಿಯುತ್ತಿರುವ ಪ್ರೊಜೆಕ್ಟರಿನ ಲೆನ್ಸಿಗೆ ನೇರವಾಗಿ ಕಣ್ಣಿಟ್ಟು ನೋಡಬೇಡಿ. ಲೇಸರ್ ಪ್ರೊಜೆಕ್ಟರ್ ಆದರೆ ಇನ್ನೂ ಜಾಸ್ತಿ ಜಾಗ್ರತೆ ಬೇಕು. ಮಕ್ಕಳು ಮುಂದೆ ಹೋಗಿ ಇಣುಕದ ಹಾಗೆ ನೋಡಿಕೊಳ್ಳಿ.

ಫಿಲ್ಟರ್ ತೆಗೆಯುವುದಿದ್ದರೆ ಪ್ಲಗ್ ಕಿತ್ತ ಮೇಲೆ. ಲ್ಯಾಂಪ್ ಮುಟ್ಟುವುದಿದ್ದರೆ ಆರಿಸಿ ಕನಿಷ್ಠ ಒಂದು ಗಂಟೆ ಬಿಟ್ಟ ಮೇಲೆ. ಒಳಗೆ ಲ್ಯಾಂಪನ್ನು ಹೊತ್ತಿಸುವ ಭಾಗ ಸಾವಿರಾರು ವೋಲ್ಟ್ ಎಬ್ಬಿಸುತ್ತದೆ. ಅಲ್ಲಿನ ಕೆಪ್ಯಾಸಿಟರ್‌ಗಳು ಪ್ಲಗ್ ತೆಗೆದ ಮೇಲೂ ಚಾರ್ಜ್ ಹಿಡಿದುಕೊಂಡಿರುತ್ತವೆ. ಆದ್ದರಿಂದ ಫಿಲ್ಟರ್ ಮುಚ್ಚಳ, ಲ್ಯಾಂಪ್ ಮುಚ್ಚಳ ಬಿಟ್ಟು ಬೇರೆ ಯಾವ ಸ್ಕ್ರೂ ಕೂಡ ಮನೆಯಲ್ಲಿ ಬಿಚ್ಚುವಂಥದ್ದಲ್ಲ.

ಧೂಳು ಹಾರಿಸಲು ಒತ್ತಡದ ಗ್ಯಾಸ್ ಇರುವ ಸ್ಪ್ರೇ ಡಬ್ಬಿ ಬಳಸಬೇಡಿ. ಹಲವು ಡಬ್ಬಿಗಳಲ್ಲಿ ಇರುವುದು ಬೆಂಕಿ ಹತ್ತುವ ಗ್ಯಾಸ್. ಬಿಸಿ ಲ್ಯಾಂಪಿನ ಹತ್ತಿರ ಅದು ಭಗ್ಗೆನ್ನಬಹುದು. ಕ್ಯಾಮೆರಾ ಅಂಗಡಿಯಲ್ಲಿ ಸಿಗುವ ರಬ್ಬರ್ ಬ್ಲೋವರ್ ಸಾಕು. ಪ್ರೊಜೆಕ್ಟರ್ ಮಾಡಿಗೆ ತೂಗು ಹಾಕಿದ್ದರೆ ಏಣಿ ಹಿಡಿಯಲು ಇನ್ನೊಬ್ಬರು ಇರಲೇಬೇಕು.

ಎಲ್ಲಕ್ಕಿಂತ ಮೊದಲು: ಮೆನು ಒತ್ತಿ ನೋಡಿ

ದೋಷ ಯಾವುದೇ ಇರಲಿ, ರಿಮೋಟಿನಲ್ಲಿ ಮೆನು ಒತ್ತಿ. ಪರದೆ ಮೇಲೆ ಪ್ರೊಜೆಕ್ಟರಿನ ಸ್ವಂತ ಮೆನು ಬರುತ್ತದೆ. ಈ ಮೆನು ಲ್ಯಾಪ್‌ಟಾಪಿನಿಂದಲೂ ಬರುವುದಿಲ್ಲ, ಕೇಬಲಿನಿಂದಲೂ ಬರುವುದಿಲ್ಲ, ಪ್ರೊಜೆಕ್ಟರಿನ ಒಳಗೇ ತಯಾರಾಗುತ್ತದೆ. ಹಾಗಾಗಿ ದೋಷ ಎಲ್ಲಿದೆ ಎಂದು ಹೇಳುವ ಸಾಕ್ಷಿ ಇದು.

ಲ್ಯಾಪ್‌ಟಾಪ್ ಚಿತ್ರ ಹಳದಿಯಾಗಿದೆ, ಮೆನು ಮಾತ್ರ ಸರಿಯಾದ ಬಣ್ಣದಲ್ಲಿದೆ ಎಂದರೆ ತೊಂದರೆ ಕೇಬಲ್, ಪೋರ್ಟ್ ಅಥವಾ ಲ್ಯಾಪ್‌ಟಾಪಿನಲ್ಲಿ. ಮೆನು ಕೂಡ ಹಳದಿಯಾಗಿದ್ದರೆ ತೊಂದರೆ ಪ್ರೊಜೆಕ್ಟರಿನಲ್ಲಿ, ಇಲ್ಲವೇ ಪರದೆಯಲ್ಲಿ. ಪರದೆಯನ್ನು ಪರೀಕ್ಷಿಸುವುದು ಇನ್ನೂ ಸುಲಭ. ಬೆಳಕಿನ ದಾರಿಯಲ್ಲಿ ಒಂದು ಬಿಳಿ ಎ4 ಕಾಗದ ಹಿಡಿದು ಅದರ ಮೇಲೆ ಚಿತ್ರ ನೋಡಿ. ಕಾಗದದ ಮೇಲೆ ಸರಿಯಿದ್ದರೆ ಪ್ರೊಜೆಕ್ಟರಿಗೆ ಏನೂ ಆಗಿಲ್ಲ. ಕೆನೆಬಣ್ಣದ ಗೋಡೆಯ ಮೇಲೆ ಬಿಟ್ಟು ಚಿತ್ರ ಹಳದಿ ಎಂದು ದೂರುವವರಿಗೆ ಈ ಒಂದು ಕಾಗದದಲ್ಲೇ ಉತ್ತರ ಸಿಗುತ್ತದೆ.

ಮುಂದೆ ಹೇಳುವ ಪ್ರತಿ ಲಕ್ಷಣಕ್ಕೂ ಈ ಎರಡು ಪರೀಕ್ಷೆ ಆಗಿದೆ ಎಂದುಕೊಂಡೇ ಓದಿ.

ಚಿತ್ರ ಮಂಕು, ಹಿಂದಿನ ಬೆಂಚಿನವರಿಗೆ ಕಾಣುವುದೇ ಇಲ್ಲ

ಮೊದಲು ಕೋಣೆ ನೋಡಿ. ಪ್ರೊಜೆಕ್ಟರಿಗೆ ಕಪ್ಪು ಬಣ್ಣ ಬಿಡಲು ಬರುವುದಿಲ್ಲ. ಬೆಳಕು ಬೀಳದ ಜಾಗವೇ ಕಪ್ಪು. ಕಿಟಕಿಯಿಂದ ಬಂದ ಬಿಸಿಲು ಪರದೆ ಮೇಲೆ ಬಿದ್ದರೆ ಆ ಕಪ್ಪು ಬೂದುಬಣ್ಣವಾಗುತ್ತದೆ, ಚಿತ್ರವೆಲ್ಲ ತೊಳೆದು ಹೋದ ಹಾಗೆ ಕಾಣುತ್ತದೆ. ಪರದೆಯ ಹತ್ತಿರದ ಟ್ಯೂಬ್‌ಲೈಟ್ ಒಂದನ್ನು ಆರಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ಆಮೇಲೆ ಚಿತ್ರದ ಅಳತೆ. ಚಿತ್ರವನ್ನು 6 ಅಡಿ ಅಗಲದಿಂದ 12 ಅಡಿಗೆ ಹಿಗ್ಗಿಸಿದರೆ ಅದೇ ಬೆಳಕು ನಾಲ್ಕು ಪಟ್ಟು ಜಾಗಕ್ಕೆ ಹರಡಬೇಕು. ಅಂದರೆ ಪ್ರಕಾಶ ಕಾಲುಭಾಗಕ್ಕೆ ಇಳಿಯುತ್ತದೆ. ತರಗತಿಯಲ್ಲಿ ಚೆನ್ನಾಗಿದ್ದ ಪ್ರೊಜೆಕ್ಟರ್ ವಾರ್ಷಿಕೋತ್ಸವದ ಶಾಮಿಯಾನದಲ್ಲಿ ಮಂಕಾಗುವುದು ಇದಕ್ಕೇ. ಅದು ಕೆಟ್ಟದ್ದಲ್ಲ. ಚಿತ್ರ ಸಣ್ಣದು ಮಾಡಿ, ಅಥವಾ ಸೂರ್ಯ ಮುಳುಗಿದ ಮೇಲೆ ಹಾಕಿ. ತೆಳು ಬಿಳಿ ಬಟ್ಟೆ ಕಟ್ಟಿ ಪರದೆ ಮಾಡಿಕೊಂಡಿದ್ದರೆ ಬೆಳಕಿನ ಒಂದು ಪಾಲು ಬಟ್ಟೆ ದಾಟಿ ಹಿಂದೆ ಹೋಗುತ್ತದೆ. ಬಟ್ಟೆಯನ್ನು ಎರಡು ಪದರ ಮಾಡಿದರೆ ಖರ್ಚಿಲ್ಲದೆ ಚಿತ್ರ ಏಳುತ್ತದೆ.

ಮೂರನೆಯದು ಸೆಟ್ಟಿಂಗ್. ಮೆನುವಿನಲ್ಲಿ ಲ್ಯಾಂಪ್ ಮೋಡ್ ಇಕೋದಲ್ಲಿ ಇದೆಯೇ ನೋಡಿ, ನಾರ್ಮಲ್ ಮಾಡಿ. ಪಿಕ್ಚರ್ ಮೋಡ್ ಸಿನಿಮಾದಲ್ಲಿದ್ದರೆ ಹಗಲಿನಲ್ಲಿ ಮಂಕು ಎನಿಸುತ್ತದೆ. ಪ್ರೆಸೆಂಟೇಶನ್ ಅಥವಾ ಡೈನಮಿಕ್ ಹಾಕಿ ನೋಡಿ. ಡೈನಮಿಕ್‌ನಲ್ಲಿ ಸ್ವಲ್ಪ ಹಸಿರು ಛಾಯೆ ಬರುತ್ತದೆ, ಅದು ಸಹಜ.

ನಾಲ್ಕನೆಯದು ಗಾಳಿ ದಾರಿ. ಇಲ್ಲಿ ಸ್ವಲ್ಪ ಸಮಯ ಕೊಡಿ. ನಮ್ಮ ಕೆಂಪುಮಣ್ಣಿನ ಧೂಳು ಬೇಸಿಗೆಯಲ್ಲಿ ಎಲ್ಲ ಕಡೆಗೂ ನುಗ್ಗುತ್ತದೆ. ಆಟದ ಮೈದಾನಕ್ಕೆ ತಾಗಿದ ತರಗತಿಯಾದರೆ ಕೇಳುವುದೇ ಬೇಡ. ಎಲ್‌ಸಿಡಿ ಪ್ರೊಜೆಕ್ಟರಿನ (ಪುಟ್ಟ ಪ್ಯಾನೆಲ್‌ಗಳ ಮೂಲಕ ಬೆಳಕು ಹಾಯಿಸಿ ಚಿತ್ರ ಮೂಡಿಸುವ ಬಗೆ) ಫಿಲ್ಟರ್ ಹೊರಗೆಳೆದರೆ ಬೂದು ಸ್ಪಂಜಿನ ಬದಲು ಇಟ್ಟಿಗೆ ಬಣ್ಣದ ಕಂಬಳಿಯಂಥ ಪದರ ಕಾಣುತ್ತದೆ. ದೇವಸ್ಥಾನ, ಭಜನಾ ಮಂದಿರದ ಹಾಲ್‌ಗಳಲ್ಲಿ ಧೂಪ, ಕರ್ಪೂರದ ಹೊಗೆಯೂ ಸೇರಿ ಆ ಪದರ ಅಂಟಂಟಾಗಿರುತ್ತದೆ. ಬ್ರಶ್ ಹಾಕಿದರೂ ಬಿಡುವುದಿಲ್ಲ. ಗಾಳಿ ಸಿಗದೆ ಯಂತ್ರ ಬಿಸಿಯಾದಾಗ ಕೆಲವು ಮಾಡೆಲ್‌ಗಳು ತಾವಾಗಿಯೇ ಬೆಳಕು ಇಳಿಸುತ್ತವೆ, ಕೆಲವು ಟೆಂಪರೇಚರ್ ದೀಪ ಹೊತ್ತಿಸಿ ಆರಿಹೋಗುತ್ತವೆ. ಕಾರ್ಯಕ್ರಮ ಶುರುವಾದಾಗ ಚೆನ್ನಾಗಿದ್ದ ಚಿತ್ರ ಅರ್ಧ ಗಂಟೆಯಲ್ಲಿ ಮಂಕಾಯಿತು ಎಂದರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ.

ಫಿಲ್ಟರನ್ನು ಹೊರಗೆ ತಂದು ಮೆತ್ತನೆ ಬ್ರಶ್‌ನಿಂದ ಗುಡಿಸಿ. ನೀರಿನಲ್ಲಿ ತೊಳೆಯಬಹುದೆಂದು ಕೈಪಿಡಿಯಲ್ಲಿ ಬರೆದಿದ್ದರೆ ಮಾತ್ರ ತೊಳೆಯಿರಿ. ತೊಳೆದದ್ದು ಪೂರ್ತಿ ಒಣಗುವ ತನಕ ಒಳಗೆ ಹಾಕಬೇಡಿ. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್ ಮಳೆಯಲ್ಲಿ, ಅದಕ್ಕೆ ಎರಡು ದಿನವೇ ಬೇಕಾಗಬಹುದು. ಅಂಟು ಹಿಡಿದಿದ್ದರೆ ಹೊಸ ಫಿಲ್ಟರ್ ಹಾಕಿ, ಲ್ಯಾಂಪಿನ ಬೆಲೆಗೆ ಹೋಲಿಸಿದರೆ ಅದು ಏನೂ ಅಲ್ಲ. ಫಿಲ್ಟರ್ ಇಲ್ಲದೆ ಓಡಿಸುವುದು ಮಾತ್ರ ಬೇಡವೇ ಬೇಡ, ಆ ಧೂಳು ನೇರ ಒಳಗಿನ ಗಾಜುಗಳ ಮೇಲೆ ಕೂರುತ್ತದೆ. ಡಿಎಲ್‌ಪಿ ಪ್ರೊಜೆಕ್ಟರ್‌ಗಳಲ್ಲಿ (ಪುಟ್ಟ ಕನ್ನಡಿಗಳ ಚಿಪ್‌ನಿಂದ ಚಿತ್ರ ಮೂಡಿಸುವ ಬಗೆ) ಹಲವಕ್ಕೆ ಫಿಲ್ಟರೇ ಇರುವುದಿಲ್ಲ. ಆಗ ಗಾಳಿಕಿಂಡಿಗಳನ್ನು ನೋಡಿದರಾಯಿತು. ಮಾಡಿಗೆ ತೂಗು ಹಾಕಿದ್ದರ ಕಿಂಡಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುವುದೂ, ಒಳಗೆ ಇರುವೆ ಮೊಟ್ಟೆ ಇಟ್ಟಿರುವುದೂ ನಮ್ಮಲ್ಲಿ ಅಪರೂಪವಲ್ಲ. ಗೂಡನ್ನು ಹೊರಗಿನಿಂದ ಕೆರೆದು ತೆಗೆಯಬಹುದು. ಮಣ್ಣು ಒಳಕ್ಕೆ ಬಿದ್ದರೆ, ಇರುವೆ ಸಾಲು ಒಳಗಿನಿಂದ ಬರುತ್ತಿದ್ದರೆ, ಚಾಲೂ ಮಾಡದೆ ಟೆಕ್ನಿಷಿಯನ್ ಹತ್ತಿರ ಒಯ್ಯಿರಿ.

ಇಷ್ಟೆಲ್ಲ ಆದ ಮೇಲೆ ಲ್ಯಾಂಪ್. ಮೆನುವಿನ ಇನ್‌ಫರ್ಮೇಶನ್ ಪುಟದಲ್ಲಿ ಲ್ಯಾಂಪ್ ಎಷ್ಟು ಗಂಟೆ ಉರಿದಿದೆ ಎಂಬ ಲೆಕ್ಕ ಇರುತ್ತದೆ. ಲ್ಯಾಂಪ್ ಇರುವ ಸಾಮಾನ್ಯ ಮಾಡೆಲ್‌ಗಳಲ್ಲಿ ಪೂರ್ತಿ ಬೆಳಕಿನಲ್ಲಿ 3,000ದಿಂದ 5,000 ಗಂಟೆ, ಇಕೋದಲ್ಲಿ ಅದಕ್ಕಿಂತ ಜಾಸ್ತಿ ಆಯಸ್ಸು ಬರೆದಿರುತ್ತಾರೆ. ಸಾಮಾನ್ಯವಾಗಿ ಬೆಳಕು ಅರ್ಧಕ್ಕೆ ಇಳಿಯುವ ತನಕದ ಲೆಕ್ಕ ಅದು. ಅಂದರೆ ಆಯಸ್ಸು ಮುಗಿಯುತ್ತಾ ಬಂದ ಲ್ಯಾಂಪ್ ಉರಿಯುತ್ತಿರುತ್ತದೆ, ಆದರೆ ಅರ್ಧ ಬೆಳಕು ಮಾತ್ರ ಕೊಡುತ್ತದೆ. ಗಂಟೆ ತುಂಬಿದೆ, ಚಿತ್ರ ತಿಂಗಳಿಂದ ತಿಂಗಳಿಗೆ ನಿಧಾನವಾಗಿ ಮಂಕಾಗುತ್ತಾ ಬಂದಿದೆ, ಸ್ವಲ್ಪ ಕೆಂಪು-ಹಳದಿ ಕಡೆಗೂ ವಾಲಿದೆ ಎಂದರೆ ಹೊಸ ಲ್ಯಾಂಪ್ ತರಿಸಿ, ಅನುಮಾನ ಬೇಡ. ಆದರೆ ಹಿಂದೆ ಲ್ಯಾಂಪ್ ಬದಲಿಸಿದಾಗ ಗಂಟೆಯ ಲೆಕ್ಕವನ್ನು ಸೊನ್ನೆ ಮಾಡಿದ್ದರೋ ಇಲ್ಲವೋ ಕೇಳಿಕೊಳ್ಳಿ. ಮಾಡದಿದ್ದರೆ ಆ ಸಂಖ್ಯೆಗೆ ಅರ್ಥವಿಲ್ಲ.

ಹೊಸ ಲ್ಯಾಂಪಿನ ಗಾಜಿಗೆ ಬೆರಳು ತಾಗಿಸಬೇಡಿ. ಬೆರಳಿನ ಎಣ್ಣೆ ಇದ್ದಲ್ಲಿ ಗಾಜು ಜಾಸ್ತಿ ಬಿಸಿಯಾಗಿ ಒಡೆಯಬಹುದು. ಈ ಲ್ಯಾಂಪುಗಳ ಒಳಗೆ ಪಾದರಸ ಇರುತ್ತದೆ. ಉರಿಯುವಾಗ ಢಂ ಎಂದು ಸದ್ದು ಬಂದು ಆರಿಹೋದರೆ ಪ್ಲಗ್ ತೆಗೆದು, ಕಿಟಕಿ ಬಾಗಿಲು ತೆರೆದು, ಎಲ್ಲರನ್ನೂ ಹೊರಗೆ ಕಳಿಸಿ. ಚೂರುಗಳನ್ನು ವ್ಯಾಕ್ಯೂಮ್ ಕ್ಲೀನರಿನಲ್ಲಿ ಎಳೆಯಬೇಡಿ.

ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಪುಟ್ಟ ಎಲ್‌ಇಡಿ ಪ್ರೊಜೆಕ್ಟರ್‌ಗಳ ಬಗ್ಗೆ ಒಂದು ಮಾತು. ಡಬ್ಬಿಯ ಮೇಲೆ ದೊಡ್ಡ ಲುಮೆನ್ ಸಂಖ್ಯೆ, 4ಕೆ ಸಪೋರ್ಟ್ ಎಂಬ ಬರಹ ಇರುತ್ತದೆ. ನೋಡಬೇಕಾದ್ದು ಎಎನ್‌ಎಸ್‌ಐ ಲುಮೆನ್ (ನಿಗದಿತ ವಿಧಾನದಲ್ಲಿ ಅಳೆದ ಬೆಳಕು) ಎಷ್ಟು, ನೇಟಿವ್ ರೆಸಲ್ಯೂಶನ್ (ಯಂತ್ರದೊಳಗೆ ನಿಜಕ್ಕೂ ಇರುವ ಚುಕ್ಕಿಗಳು) ಎಷ್ಟು ಎಂದು. 4ಕೆ ಫೈಲ್ ಓಡುತ್ತದೆ ಎಂದ ಮಾತ್ರಕ್ಕೆ ಚಿತ್ರ 4ಕೆ ಆಗುವುದಿಲ್ಲ. ಅಂಥದ್ದರಲ್ಲಿ ಹಗಲಿನಲ್ಲಿ ಚಿತ್ರ ಕಾಣದಿದ್ದರೆ ಅದನ್ನು ರಿಪೇರಿಗೆ ಒಯ್ದು ಪ್ರಯೋಜನವಿಲ್ಲ.

ಚಿತ್ರ ಮಸುಕು, ಅಕ್ಷರ ಓದಲು ಆಗುವುದಿಲ್ಲ

ಕನ್ನಡ ಅಕ್ಷರಗಳು ಇದಕ್ಕೆ ಒಳ್ಳೆಯ ಪರೀಕ್ಷೆ. ಒತ್ತಕ್ಷರ ತುಂಬಿದ ನಾಲ್ಕು ಸಾಲು ಟೈಪ್ ಮಾಡಿ: ಲಕ್ಷ್ಮಿ, ಸ್ತ್ರೀ, ರಾಷ್ಟ್ರ, ವಾರ್ಷಿಕೋತ್ಸವ. ಸಣ್ಣ ಅಕ್ಷರದಲ್ಲಿ ಪರದೆಯ ನಡುವೆ ಒಂದು, ನಾಲ್ಕು ಮೂಲೆಗಳಲ್ಲಿ ಒಂದೊಂದು ಇಡಿ. ಫೋಕಸ್ ಸ್ವಲ್ಪ ತಪ್ಪಿದರೂ ಮೊದಲು ಕಲಸಿಹೋಗುವುದು ಕೆಳಗಿನ ಒತ್ತುಗಳೇ. ಎಲ್ಲಿ ಕಲಸಿದೆ ಎಂಬುದೇ ಕಾರಣ ಹೇಳುತ್ತದೆ.

ಎಲ್ಲ ಕಡೆ ಒಂದೇ ಥರ ಮಸುಕಾಗಿದ್ದರೆ ಫೋಕಸ್ ಉಂಗುರ ತಿರುಗಿಸಿ. ಆದರೆ ಹಾಕಿದ ಕೂಡಲೇ ಬೇಡ. ಬಿಸಿಯಾದ ಹಾಗೆ ಲೆನ್ಸ್ ಸ್ವಲ್ಪ ಹಿಗ್ಗಿ ಫೋಕಸ್ ಜರುಗುತ್ತದೆ. ಇಪ್ಪತ್ತು ನಿಮಿಷ ಓಡಿದ ಮೇಲೆ ಕೂರಿಸಿದ ಫೋಕಸ್ ಕಾರ್ಯಕ್ರಮ ಮುಗಿಯುವ ತನಕ ನಿಲ್ಲುತ್ತದೆ.

ಒಂದು ಬದಿ ಚುರುಕು, ಇನ್ನೊಂದು ಬದಿ ಮಸುಕು ಎಂದರೆ ಪ್ರೊಜೆಕ್ಟರ್ ಪರದೆಗೆ ನೇರ ಇಲ್ಲ. ಫೋಕಸ್ ತಿರುಗಿಸುತ್ತಾ ಕೂತರೆ ಈಚೆ ಸರಿಯಾದಾಗ ಆಚೆ ಹೋಗುತ್ತದೆ. ಮೇಜನ್ನೇ ಸರಿಸಿ. ಇಲ್ಲಿ ಹೆಚ್ಚಿನವರು ಕೀಸ್ಟೋನ್ ಒತ್ತಿ ಚಿತ್ರವನ್ನು ಚೌಕ ಮಾಡುತ್ತಾರೆ. ಕೀಸ್ಟೋನ್ ಎಂದರೆ ಚಿತ್ರವನ್ನು ಒಳಗೇ ಹಿಂಡಿ ಸಣ್ಣದು ಮಾಡುವುದು, ಅದರಿಂದ ಚುಕ್ಕಿಗಳು ಕಳೆದು ಅಕ್ಷರ ಮೆತ್ತಗಾಗುತ್ತದೆ. ಕೀಸ್ಟೋನ್ ಸೊನ್ನೆ ಮಾಡಿ, ಪ್ರೊಜೆಕ್ಟರನ್ನು ಪರದೆಯ ನಡುಗೆರೆಗೆ ತನ್ನಿ. ಆಮೇಲೆ ಬೇಕೇ ಬೇಕಾದಷ್ಟು ಮಾತ್ರ ಕೀಸ್ಟೋನ್ ಕೊಡಿ. ಅಕ್ಷರ ಎಷ್ಟು ತಿಳಿಯಾಗುತ್ತದೆ ಎಂದು ನೋಡಿದರೆ ನಿಮಗೇ ಖುಷಿಯಾಗುತ್ತದೆ.

ಫೋಟೋ ಚೆನ್ನಾಗಿದೆ, ಅಕ್ಷರ ಮಾತ್ರ ಒಡೆದ ಹಾಗಿದೆ, ಮೆನುವಿನ ಅಕ್ಷರ ಚುರುಕಾಗಿದೆ. ಇದು ರೆಸಲ್ಯೂಶನ್ ತೊಂದರೆ. ಹಳೆಯ ಶಾಲಾ ಪ್ರೊಜೆಕ್ಟರ್‌ಗಳಲ್ಲಿ 1024×768 ಅಥವಾ 1280×800 ಚುಕ್ಕಿಗಳಿರುತ್ತವೆ. ಲ್ಯಾಪ್‌ಟಾಪ್ 1920×1080 ಕಳಿಸಿದರೆ ಪ್ರೊಜೆಕ್ಟರ್ ಅದನ್ನು ಕುಗ್ಗಿಸಿ ತೋರಿಸಬೇಕಾಗುತ್ತದೆ. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೀ ಜೊತೆ ಪಿ ಒತ್ತಿ, ಸೆಕೆಂಡ್ ಸ್ಕ್ರೀನ್ ಓನ್ಲಿ ಆರಿಸಿ, ಪ್ರೊಜೆಕ್ಟರಿನ ನೇಟಿವ್ ರೆಸಲ್ಯೂಶನ್ ಹಾಕಿ. ವಿಜಿಎ ಕೇಬಲ್ ಆದರೆ ರಿಮೋಟಿನ ಆಟೋ ಬಟನ್ ಒಮ್ಮೆ ಒತ್ತಿ, ಸಣ್ಣ ಅಕ್ಷರಗಳ ನಡುಕ ನಿಲ್ಲುತ್ತದೆ.

ಇನ್ನು ನಮ್ಮ ಊರಿನದ್ದೇ ಎನ್ನಬಹುದಾದ ಎರಡು ಕಾರಣ.

ಒಂದು, ಆವಿ. ಎಸಿ ಕೋಣೆಯಲ್ಲೋ ಎಸಿ ಕಾರಿನಲ್ಲೋ ಇದ್ದ ಪ್ರೊಜೆಕ್ಟರನ್ನು ಸೆಕೆಯ ಸಭಾಭವನಕ್ಕೆ ತಂದರೆ ತಣ್ಣಗಿನ ಗಾಜಿನ ಮೇಲೆ ಹೊರಗಿನ ತೇವ ಹನಿಗಟ್ಟುತ್ತದೆ. ಚಿತ್ರ ಮಂಜು ಮುಸುಕಿದ ಹಾಗೆ ಕಾಣುತ್ತದೆ. ಒರೆಸಿದರೆ ಮತ್ತೆ ಬರುತ್ತದೆ. ಹೊರಗಿನ ಗಾಜಿಗೆ ಬಂದ ತೇವ ಒಳಗಿನ ಬೋರ್ಡಿಗೂ ಬಂದಿರಬಹುದು, ಆದ್ದರಿಂದ ಆಗಲೇ ಚಾಲೂ ಮಾಡಬೇಡಿ. ಬ್ಯಾಗಿನಿಂದ ತೆಗೆಯದೆ ಒಂದು ಗಂಟೆ ಸಭಾಭವನದಲ್ಲೇ ಇಡಿ. ಅಲ್ಲಿನ ಬಿಸಿಗೆ ಹೊಂದಿಕೊಂಡ ಮೇಲೆ ಹೊರಗೆ ತೆಗೆಯಿರಿ. ಕಾರ್ಯಕ್ರಮ ಆರಕ್ಕಿದ್ದರೆ ನಾಲ್ಕೂವರೆಗೇ ತರುವುದು ಒಳ್ಳೆಯದು.

ಎರಡು, ಬೂಷ್ಟು. ಇದರ ಲಕ್ಷಣ ಗುರುತಿಸುವುದು ಮುಖ್ಯ, ಯಾಕೆಂದರೆ ಇದನ್ನೇ ಜನ ಲ್ಯಾಂಪ್ ದೋಷ ಎಂದುಕೊಳ್ಳುವುದು. ಫೋಕಸ್ ಸರಿಯಿದ್ದರೂ ಚಿತ್ರದ ಮೇಲೆ ಹಾಲಿನ ತೆಳು ಪರದೆ ಎಳೆದ ಹಾಗಿರುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಹಾಕಿದರೆ ಅಕ್ಷರದ ಸುತ್ತ ಬೆಳಕಿನ ಮುಸುಕು ಕಾಣುತ್ತದೆ. ಪ್ರೊಜೆಕ್ಟರ್ ಆರಿಸಿ, ಪ್ಲಗ್ ತೆಗೆದು, ತಣಿದ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ಲೆನ್ಸಿನ ಒಳಗೆ ಬೆಳಕು ಬಿಡಿ. ಜೇಡರ ಬಲೆಯ ಎಳೆಗಳು, ಇಲ್ಲವೇ ಜರಿಗಿಡದ ಎಲೆಯ ಹಾಗೆ ಕವಲೊಡೆದ ಬಿಳಿ ಗೆರೆಗಳು ಕಂಡರೆ ಅದು ಬೂಷ್ಟು. ಬರೀ ಧೂಳಾದರೆ ಬಿಡಿ ಬಿಡಿ ಚುಕ್ಕಿ ಕಾಣುತ್ತದೆ, ಎಳೆ ಇರುವುದಿಲ್ಲ.

ಹೊರಗಾಜಿನ ಮೇಲಿದ್ದರೆ ಬ್ಲೋವರಿನಿಂದ ಧೂಳು ಹಾರಿಸಿ, ಲೆನ್ಸ್ ಕ್ಲೀನರ್ ಒಂದು ಹನಿಯನ್ನು ಮೈಕ್ರೋಫೈಬರ್ ಬಟ್ಟೆಗೆ ಹಾಕಿ ನಡುವಿನಿಂದ ಹೊರಕ್ಕೆ ಸುತ್ತಾ ಒರೆಸಿ. ಲೆನ್ಸಿಗೆ ನೇರ ಹಾಕಬೇಡಿ. ಟಿಶ್ಯೂ, ಪಂಚೆ ತುದಿ, ಬಾಯಿಂದ ಊದುವುದು ಯಾವುದೂ ಬೇಡ. ಎಳೆಗಳು ಒಳಗಾಜಿನಲ್ಲಿದ್ದರೆ ಅದು ನಿಮ್ಮ ಕೆಲಸವಲ್ಲ, ಲೆನ್ಸ್ ಬಿಚ್ಚಿ ಕೂರಿಸುವವರ ಕೆಲಸ. ಆದರೆ ತಡ ಮಾಡಬೇಡಿ. ಶುರುವಿನಲ್ಲಿ ಒರೆಸಿದರೆ ಹೋಗುತ್ತದೆ. ವರ್ಷ ಬಿಟ್ಟರೆ ಗಾಜಿನ ಮೇಲಿನ ಲೇಪವನ್ನೇ ತಿಂದು ಕಲೆ ಉಳಿಸುತ್ತದೆ.

ಬಣ್ಣ ತಪ್ಪಾಗಿದೆ

ಮೆನು ಸರಿಯಿದ್ದು ಚಿತ್ರದ ಬಣ್ಣ ಮಾತ್ರ ತಪ್ಪಿದ್ದರೆ, ವಿಜಿಎ ಕೇಬಲ್ ಇದ್ದಲ್ಲಿ ಹೆಚ್ಚಾಗಿ ಪಿನ್ ತೊಂದರೆ. ವಿಜಿಎ ಪ್ಲಗ್ಗಿನಲ್ಲಿ 3 ಸಾಲುಗಳಲ್ಲಿ 15 ಪಿನ್ ಜಾಗ. ಮೇಲಿನ ಸಾಲಿನ ಮೊದಲ ಮೂರರಲ್ಲಿ ಕೆಂಪು, ಹಸಿರು, ನೀಲಿ ಬೇರೆ ಬೇರೆಯಾಗಿ ಹರಿಯುತ್ತವೆ. ಒಂದು ಬಾಗಿದರೆ ಆ ಬಣ್ಣವೇ ಮಾಯ. ಕೆಂಪು ಹೋದರೆ ಎಲ್ಲ ನೀಲಿ-ಹಸಿರು. ಹಸಿರು ಹೋದರೆ ಕಡು ಗುಲಾಬಿ. ನೀಲಿ ಹೋದರೆ ಹಳದಿ. ಯಕ್ಷಗಾನದ ವಿಡಿಯೋ ಹಾಕಿದಾಗ ವೇಷದ ಕೆಂಪೆಲ್ಲ ಕಪ್ಪಾಗಿ ಕಂಡರೆ ಕೆಂಪಿನ ಪಿನ್ ನೋಡಿ. ಬಾಗಿದ್ದನ್ನು ಪ್ಲಗ್ ಕಿತ್ತ ಮೇಲೆ ಸಣ್ಣ ಚಿಮುಟದಿಂದ ಮೆಲ್ಲ ನೆಟ್ಟಗೆ ಮಾಡಬಹುದು. ನಡುವಿನ ಸಾಲಿನಲ್ಲಿ ಒಂದು ಪಿನ್ ಇಲ್ಲದಿದ್ದರೆ ಗಾಬರಿ ಬೇಡ, ಹಲವು ಕೇಬಲ್‌ಗಳು ಬರುವುದೇ ಹಾಗೆ.

ಮಲ್ಪೆ, ಪಣಂಬೂರು, ಸುರತ್ಕಲ್ ಹೀಗೆ ಕಡಲಿಗೆ ಹತ್ತಿರದ ಜಾಗಗಳಲ್ಲಿ ಪಿನ್ ನೆಟ್ಟಗಿದ್ದೂ ಬಣ್ಣ ಬಂದು ಹೋಗಿ ಆಟ ಆಡುತ್ತದೆ. ಉಪ್ಪುಗಾಳಿಗೆ ಪಿನ್ ಮೇಲೆ ಹಸಿರು ಕಿಲುಬು ಬಂದಿರುತ್ತದೆ. ಪ್ಲಗ್ಗನ್ನು ನಾಲ್ಕೈದು ಸಲ ಹಾಕಿ ತೆಗೆದಾಗ ಸರಿಯಾಯಿತು ಎಂದರೆ ಕಾರಣ ಅದೇ. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒಣಗಿಸಿ ಬಳಸಿ, ಇಲ್ಲವೇ ಕೇಬಲ್ ಬದಲಿಸಿ.

ಎಚ್‌ಡಿಎಂಐಯಲ್ಲಿ ಹೀಗೆ ಒಂದೇ ಬಣ್ಣ ಹೋಗುವುದು ಕಡಿಮೆ. ಅಲ್ಲಿ ಇಡೀ ಚಿತ್ರ ಹಸಿರು-ಗುಲಾಬಿ ಆದರೆ ಲ್ಯಾಪ್‌ಟಾಪ್ ಕಳಿಸುವ ಬಣ್ಣದ ಲೆಕ್ಕ ಒಂದು, ಪ್ರೊಜೆಕ್ಟರ್ ಓದುವ ಲೆಕ್ಕ ಇನ್ನೊಂದು ಎಂದರ್ಥ. ಕೇಬಲ್ ಕಿತ್ತು ಮತ್ತೆ ಹಾಕಿ, ಸರಿಯಾಗದಿದ್ದರೆ ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ಆರ್‌ಜಿಬಿ ಆರಿಸಿ. ಕಪ್ಪು ಬೂದುಬಣ್ಣವಾಗಿ, ಚಿತ್ರ ಸಪ್ಪೆಯಾಗಿದ್ದರೆ ಅಲ್ಲಿಯೇ ಫುಲ್, ಲಿಮಿಟೆಡ್ ಎಂಬ ರೇಂಜ್ ಇರುತ್ತದೆ, ಬದಲಿಸಿ ನೋಡಿ.

ಮೆನುವೂ ಗುಲಾಬಿಯಾಗಿದ್ದರೆ, ಶಾಲೆಯಾದರೆ ಮೊದಲು ಬ್ಲ್ಯಾಕ್‌ಬೋರ್ಡ್ ಮೋಡ್ ಹಾಕಿದ್ದಾರಾ ನೋಡಿ. ಹಸಿರು ಹಲಗೆ ಮೇಲೆ ಚಿತ್ರ ಬಿಡುವವರಿಗಾಗಿ ಇರುವ ಮೋಡ್ ಅದು. ಅದೂ ಅಲ್ಲ, ಪಿಕ್ಚರ್ ಸೆಟ್ಟಿಂಗ್ ರೀಸೆಟ್ ಮಾಡಿದರೂ ಹೋಗಲಿಲ್ಲ ಎಂದರೆ ಒಳಗಿನ ತೊಂದರೆ. ಎಲ್‌ಸಿಡಿಯಲ್ಲಿ ಒಂದು ಭಾಗದಲ್ಲಿ ಮಾತ್ರ ಹಳದಿ ಅಥವಾ ನೀಲಿ ಮಚ್ಚೆ ಹರಡುತ್ತಿದ್ದರೆ ಬಿಸಿಗೆ ಪೋಲರೈಸರ್ (ಪ್ಯಾನೆಲ್ ಜೊತೆಗಿನ ಬೆಳಕು ಸೋಸುವ ಹಾಳೆ) ಅಥವಾ ಪ್ಯಾನೆಲ್ ಸುಟ್ಟಿದೆ. ಫಿಲ್ಟರ್ ಸ್ವಚ್ಛ ಮಾಡದೆ ವರ್ಷಗಟ್ಟಲೆ ಓಡಿಸಿದ ಯಂತ್ರಗಳಲ್ಲಿ ಇದು ಬರುತ್ತದೆ. ಡಿಎಲ್‌ಪಿಯಲ್ಲಿ ಬಣ್ಣ ಕೆಟ್ಟು ಒಳಗಿನಿಂದ ಕರಕರ ಸದ್ದೂ ಬಂದರೆ ಕಲರ್ ವೀಲ್ (ಬಣ್ಣ ಕೊಡುವ ತಿರುಗುವ ಚಕ್ರ) ಸವೆದಿದೆ. ಎರಡಕ್ಕೂ ಅಂಗಡಿಗೆ ಹೋಗಬೇಕು. ಡಿಎಲ್‌ಪಿ ನೋಡುವಾಗ ಕಣ್ಣು ಆಚೀಚೆ ಮಾಡಿದರೆ ಕೆಲವರಿಗೆ ಕಾಮನಬಿಲ್ಲಿನ ಮಿಂಚು ಕಾಣುತ್ತದೆ. ಅದು ದೋಷವಲ್ಲ, ಆ ವೀಲ್ ತಿರುಗುವ ರೀತಿಯಿಂದ ಬರುವುದು.

ಚುಕ್ಕೆ, ಮಚ್ಚೆ, ಗೆರೆ

ಮೊದಲು ಪ್ರೊಜೆಕ್ಟರನ್ನು ಒಂದು ಅಡಿ ಪಕ್ಕಕ್ಕೆ ಸರಿಸಿ. ಮಚ್ಚೆ ಇದ್ದಲ್ಲೇ ಉಳಿದರೆ ಅದು ಪರದೆಯ ಕಲೆ. ಮಳೆಗಾಲದಲ್ಲಿ ಸುತ್ತಿಟ್ಟ ಪರದೆಗೂ ಬೂಷ್ಟು ಹಿಡಿಯುತ್ತದೆ. ಚಿತ್ರದ ಜೊತೆ ಜರುಗಿದರೆ ಪ್ರೊಜೆಕ್ಟರಿನದ್ದು.

ಆಮೇಲೆ ಫೋಕಸನ್ನು ಬೇಕೆಂದೇ ಕೆಡಿಸಿ. ಮಸುಕಾಗಿದ್ದ ಬಣ್ಣದ ಮಚ್ಚೆ ಆಗ ಚುರುಕಾಗಿ, ನೂಲಿನ ತುಂಡಿನ ಹಾಗೋ ಧೂಳಿನ ಕಣದ ಹಾಗೋ ಕಂಡರೆ ಅದು ಪ್ಯಾನೆಲ್ ಹತ್ತಿರ ಕೂತ ಧೂಳು. ಎಲ್‌ಸಿಡಿಯಲ್ಲಿ ಕೆಂಪು, ಹಸಿರು, ನೀಲಿಗೆ ಮೂರು ಪ್ಯಾನೆಲ್ ಇರುವುದರಿಂದ ಒಂದರ ಮೇಲೆ ಧೂಳು ಬಿದ್ದರೆ ಮಚ್ಚೆಗೆ ಬಣ್ಣ ಬರುತ್ತದೆ. ಹೊರಲೆನ್ಸ್ ಎಷ್ಟು ಒರೆಸಿದರೂ ಇದು ಹೋಗುವುದಿಲ್ಲ. ಒಳಗೆ ಗಾಳಿ ಊದಿ ತೆಗೆಯಲು ಗೊತ್ತಿರುವ ಟೆಕ್ನಿಷಿಯನ್ ಬೇಕು.

ಡಿಎಲ್‌ಪಿಯಲ್ಲಿ ಕಪ್ಪು ದೃಶ್ಯದಲ್ಲಿ ಸೂಜಿಮೊನೆಯಂಥ ಬಿಳಿ ಚುಕ್ಕಿಗಳು ಕಂಡರೆ ಒಳಗಿನ ಪುಟ್ಟ ಕನ್ನಡಿಗಳು ಒಂದೊಂದಾಗಿ ಅಂಟಿಕೊಳ್ಳುತ್ತಿವೆ. ಮೆನುವಿನಲ್ಲೂ ಕಾಣುತ್ತವೆ. ವಾರದಿಂದ ವಾರಕ್ಕೆ ಜಾಸ್ತಿಯಾಗುತ್ತಿದ್ದರೆ ಚಿಪ್ ಬದಲಿಸುವುದೊಂದೇ ದಾರಿ. ಎಲ್‌ಸಿಡಿಯಲ್ಲಿ ಮೇಲಿಂದ ಕೆಳಗೆ ನೇರ ಬಣ್ಣದ ಗೆರೆ ಮೆನುವಿನಲ್ಲೂ ಇದ್ದರೆ ಪ್ಯಾನೆಲ್ ಅಥವಾ ಅದರ ರಿಬ್ಬನ್ ಕೇಬಲ್. ಇವೆರಡರ ಖರ್ಚು ಹಳೆಯ ಮಾಡೆಲ್‌ಗೆ ಹೊಸ ಯಂತ್ರದ ಬೆಲೆಯ ಹತ್ತಿರ ಹೋಗಬಹುದು. ರಿಪೇರಿಗೆ ಒಪ್ಪುವ ಮೊದಲು ಅಂದಾಜು ಬರೆಸಿಕೊಳ್ಳಿ.

ಮಿಣುಕು, ಅಲೆ, ಮಿಂಚು

ಬೆಳಕು ಮಿಣುಕುತ್ತಿದ್ದರೆ, ಮೆನುವಿನಲ್ಲೂ ಹಾಗೇ ಇದ್ದರೆ, ಲ್ಯಾಂಪನ್ನು ಇಕೋದಿಂದ ನಾರ್ಮಲ್‌ಗೆ ಹಾಕಿ ಒಂದೆರಡು ಗಂಟೆ ಬಿಡಿ. ಕಡಿಮೆ ಶಕ್ತಿಯಲ್ಲಿ ತುಂಬಾ ದಿನ ಉರಿದ ಲ್ಯಾಂಪ್ ಪೂರ್ತಿ ಶಕ್ತಿಯಲ್ಲಿ ನಿಂತುಕೊಳ್ಳುವುದುಂಟು. ನಿಲ್ಲದಿದ್ದರೆ ಲ್ಯಾಂಪ್, ಅದೂ ಹೊಸದಾದರೆ ಅದನ್ನು ಉರಿಸುವ ಬಲಾಸ್ಟ್ ಬೋರ್ಡ್.

ಪರದೆ ಮೇಲೆ ಅಡ್ಡ ಪಟ್ಟಿಗಳು ನಿಧಾನವಾಗಿ ಮೇಲಕ್ಕೋ ಕೆಳಕ್ಕೋ ಉರುಳುತ್ತಾ, ಸ್ಪೀಕರಿನಲ್ಲಿ ಹೂಂ ಎಂಬ ಸದ್ದೂ ಇದ್ದರೆ ಲ್ಯಾಪ್‌ಟಾಪ್ ಚಾರ್ಜರ್ ಕೀಳಿ. ಪಟ್ಟಿ ಮಾಯವಾದರೆ ಅರ್ಥಿಂಗ್ ತೊಂದರೆ. ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಆಂಪ್ಲಿಫೈಯರ್ ಮೂರಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ಕೊಡಿ. ಮುರಕಲ್ಲಿನ ನೆಲ ಏಪ್ರಿಲ್, ಮೇಯಲ್ಲಿ ಒಣಗಿದಾಗ ಅರ್ಥ್ ಗುಂಡಿಯೂ ಒಣಗುತ್ತದೆ, ಅದಕ್ಕೆ ನೀರು ಹಾಕಿಸಿ. ಪಟ್ಟಿ ಹೋಗಲಿ ಎಂದು ಪ್ಲಗ್ಗಿನ ದಪ್ಪ ಪಿನ್ ಮುರಿಯುವ ಅಭ್ಯಾಸ ಕೆಲವು ಕಡೆ ಇದೆ. ದಯವಿಟ್ಟು ಅದನ್ನು ಮಾಡಬೇಡಿ, ಜೀವಕ್ಕೆ ಅಪಾಯ. ಪ್ರೊಜೆಕ್ಟರಿನ ಲೋಹದ ಭಾಗ ಮುಟ್ಟಿದಾಗ ಜುಂ ಎಂದರೆ ಅಲ್ಲಿಗೇ ನಿಲ್ಲಿಸಿ ಇಲೆಕ್ಟ್ರಿಷಿಯನ್ ಕರೆಯಿರಿ.

ಎಚ್‌ಡಿಎಂಐಯಲ್ಲಿ ಬಿಳಿ ಕಿಡಿಗಳು ಮಿನುಗಿದರೆ, ಚಿತ್ರ ಕ್ಷಣ ಕಾಲ ಹೋಗಿ ಬಂದರೆ ಕೇಬಲ್ ಉದ್ದ ಜಾಸ್ತಿಯಾಗಿದೆ ಅಥವಾ ಒಳಗೆ ಮುರಿದಿದೆ. ಮೊದಲು ಒಂದೆರಡು ಮೀಟರಿನ ಸಣ್ಣ ಕೇಬಲಿನಲ್ಲಿ ಪರೀಕ್ಷಿಸಿ. 10 ಮೀಟರ್ ದಾಟಿದರೆ ಸಾಮಾನ್ಯ ಕೇಬಲ್ ನಂಬಬೇಡಿ, ಆಪ್ಟಿಕಲ್ ಎಚ್‌ಡಿಎಂಐ ಒಳ್ಳೆಯದು. ಚಿತ್ರವೇ ಸಣ್ಣಗೆ ನಡುಗುತ್ತಿದ್ದರೆ ಸೀಲಿಂಗ್ ಫ್ಯಾನ್ ಆರಿಸಿ ನೋಡಿ, ಸ್ಟ್ಯಾಂಡ್ ಅದುರುತ್ತಿರಬಹುದು.

ಹೆಚ್ಚಿನ ಪ್ರೊಜೆಕ್ಟರ್‌ಗಳು 100ರಿಂದ 240 ವೋಲ್ಟ್ ತನಕ ಸುಧಾರಿಸಿಕೊಳ್ಳುತ್ತವೆ. ಹಾಗಾಗಿ ಸ್ಟೆಬಿಲೈಜರಿಗಿಂತ ಸಣ್ಣ ಯುಪಿಎಸ್‌ಗೆ ದುಡ್ಡು ಹಾಕುವುದು ಮೇಲು ಎನ್ನುವುದು ನನ್ನ ಅಭಿಪ್ರಾಯ. ಉರಿಯುತ್ತಿದ್ದಾಗ ಕರೆಂಟ್ ಹೋದರೆ ಫ್ಯಾನ್ ನಿಂತು ಲ್ಯಾಂಪಿನ ಬಿಸಿ ಒಳಗೇ ಉಳಿಯುತ್ತದೆ. ಮೇ ಮತ್ತು ಅಕ್ಟೋಬರ್ ಸಂಜೆಯ ಗುಡುಗು ಶುರುವಾದರೆ ಪವರ್ ಜೊತೆ ಎಚ್‌ಡಿಎಂಐ, ಲ್ಯಾನ್ ಕೇಬಲನ್ನೂ ಕೀಳಿ. ಸಿಡಿಲು ಆ ದಾರಿಯಿಂದಲೂ ಬರುತ್ತದೆ.

ತಲೆಕೆಳಗು, ಉದ್ದ ಮುಖ

ತಲೆಕೆಳಗಾಗಿದ್ದರೆ ಮೆನುವಿನಲ್ಲಿ ಫ್ರಂಟ್, ಸೀಲಿಂಗ್ ಬದಲಿಸಿ. ಅಕ್ಷರ ಕನ್ನಡಿಯಲ್ಲಿ ಕಂಡ ಹಾಗಿದ್ದರೆ ರಿಯರ್ ಹಾಕಿದ್ದಾರೆ. ಮುಖಗಳು ಉದ್ದ ಅಥವಾ ಗಿಡ್ಡ ಕಂಡರೆ ಆಸ್ಪೆಕ್ಟ್ ಆಟೋ ಮಾಡಿ.

ಮಳೆಗಾಲದಲ್ಲಿ ಇಡುವುದು ಹೇಗೆ

ಬ್ಯಾಗಿನಲ್ಲಿ ಕಟ್ಟಿಡುವುದಕ್ಕಿಂತ ವಾರಕ್ಕೊಮ್ಮೆ ಅರ್ಧ ಗಂಟೆ ಉರಿಸುವುದು ಒಳ್ಳೆಯದು. ಆ ಬಿಸಿಗೆ ಒಳಗಿನ ತೇವ ಹೋಗುತ್ತದೆ. ತಣಿದ ಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಾಗುವ ಸಿಲಿಕಾ ಜೆಲ್ ಸಿಗುತ್ತದೆ. ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಸಿಮೆಂಟ್ ನೆಲದ ಮೇಲೆ, ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ.

ಅಂಗಡಿಗೆ ಒಯ್ಯುವಾಗ

ಸುಟ್ಟ ವಾಸನೆ, ಹೊಗೆ, ಒಳಗೆ ನೀರು ಹೋಗಿರುವುದು, ಫ್ಯಾನ್ ತಿರುಗದೆ ಲ್ಯಾಂಪ್ ಹೊತ್ತಿಕೊಳ್ಳುವುದು, ಫಿಲ್ಟರ್ ಸ್ವಚ್ಛವಿದ್ದರೂ ಮತ್ತೆ ಮತ್ತೆ ಟೆಂಪರೇಚರ್ ದೀಪ ಬರುವುದು: ಇವು ಕಂಡರೆ ಇನ್ನೊಂದು ಸಲ ಚಾಲೂ ಮಾಡಿ ನೋಡುವುದು ಬೇಡ, ಹಾಗೆಯೇ ಒಯ್ಯಿರಿ.

ಬೇರೆ ದೋಷವಾದರೆ ಎರಡು ಫೋಟೋ ತೆಗೆದುಕೊಳ್ಳಿ: ಲ್ಯಾಪ್‌ಟಾಪ್ ಚಿತ್ರದಲ್ಲಿ ದೋಷ ಕಾಣುವುದು ಒಂದು, ಮೆನು ತೆರೆದಿರುವಾಗಿನದ್ದು ಇನ್ನೊಂದು. ಲ್ಯಾಂಪ್ ಗಂಟೆ, ಮಾಡೆಲ್ ನಂಬರ್, ದೋಷ ಹಾಕಿದ ಕೂಡಲೇ ಬರುತ್ತದೋ ಬಿಸಿಯಾದ ಮೇಲೋ ಎಂಬುದನ್ನು ಚೀಟಿಯಲ್ಲಿ ಬರೆಯಿರಿ. ನೀವು ಬಳಸುವ ಕೇಬಲನ್ನೂ ಜೊತೆಗೆ ಕೊಡಿ. ಬೇರೆ ಲ್ಯಾಪ್‌ಟಾಪಿನಲ್ಲಿ, ಬೇರೆ ಕೇಬಲಿನಲ್ಲಿ ನೋಡಿ ಆಗಿದೆ ಎಂದು ಮೊದಲೇ ಹೇಳಿ. ಲ್ಯಾಂಪ್ ಬದಲಿಸಬೇಕು ಎಂದು ಅವರು ಹೇಳಿದರೆ ಗಂಟೆಯ ಲೆಕ್ಕ ಎಷ್ಟಿತ್ತು ಎಂದು ಕೇಳಿ, ನಿಮ್ಮ ಚೀಟಿಯ ಸಂಖ್ಯೆಯ ಜೊತೆ ಹೋಲಿಸಿ ನೋಡಿ. ತೆಗೆದ ಹಳೆಯ ಲ್ಯಾಂಪನ್ನು ಮನೆಯ ಕಸಕ್ಕೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.